ಟ್ರೆಂಟನ್‌ನ ಆ ಕೋಣೆಗೆ ನೀವೂ ಹೋಗಬಹುದು: ನ್ಯೂಜೆರ್ಸಿಯಲ್ಲಿ ಜಡ್ಜ್ ನೇಮಕದ ಹಿಯರಿಂಗ್‌ನಲ್ಲಿ ಮಾತಾಡುವುದು ಹೇಗೆ

ಫ್ಯಾಮಿಲಿ ಕೋರ್ಟಿನ ಹೊರಗೆ ಒಂದು ಉದ್ದನೆಯ ಬೆಂಚು ಇರುತ್ತದೆ. ಹನ್ನೊಂದು ವರ್ಷದಿಂದ ನಾನು ಆಗಾಗ ಅಂಥ ಬೆಂಚುಗಳ ಮೇಲೆ ಕೂರುತ್ತಿದ್ದೇನೆ. ಮದುವೆಯಾಗಿ ನ್ಯೂಜೆರ್ಸಿಗೆ ಬಂದು, ಮನೆಯಲ್ಲಿ ಬಾಳಲಾಗದೆ, ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿ ಬಂದ ನಮ್ಮ ಹೆಣ್ಣುಮಕ್ಕಳಿಗೆ ಜೊತೆಯಾಗಿ ಹೋಗುತ್ತೇನೆ. ನಾನು ವಕೀಲೆ ಅಲ್ಲ. ಅರಕಲಗೂಡಿನವಳು, ಎಡಿಸನ್‌ನಲ್ಲಿ ಮನೆ, ಅಕೌಂಟ್ಸ್ ಕೆಲಸ. ಪಕ್ಕದಲ್ಲಿ ಕೂತು ಪೇಪರು ಜೋಡಿಸಿ ಕೊಡುವುದು, ಮಗು ಇದ್ದರೆ ನೋಡಿಕೊಳ್ಳುವುದು, ಇಷ್ಟೇ ನಾನು ಮಾಡುವುದು.

ಒಂದು ಸಲ ತುಮಕೂರಿನ ಕಡೆಯ ಹುಡುಗಿಯೊಬ್ಬಳು ಆ ಬೆಂಚಿನ ಮೇಲೆ ಕೂತು ಕೇಳಿದಳು: "ಅಕ್ಕಾ, ಒಳಗಡೆ ಕೂತಿದಾರಲ್ಲ ಜಡ್ಜು, ಅವರನ್ನ ಅಲ್ಲಿ ಕೂರಿಸೋದು ಯಾರು?"

ಗವರ್ನರ್ ಇರಬೇಕು ಕಣೇ, ಅಂದೆ. ಅದು ಅರ್ಧ ಉತ್ತರ ಅಂತ ಆಮೇಲೆ ಗೊತ್ತಾಯಿತು. ಉಳಿದ ಅರ್ಧ ರಾಜ್ಯದ ರಾಜಧಾನಿ ಟ್ರೆಂಟನ್‌ನ ಒಂದು ಕೋಣೆಯಲ್ಲಿದೆ. ಆ ಕೋಣೆಯ ಬಾಗಿಲು ನಮಗೂ ತೆರೆದಿದೆ. ಅಲ್ಲಿ ನಾವೂ ಮಾತಾಡಬಹುದು. ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ನಾನು ಹೋಗಿ ಮಾತಾಡಿ ಬಂದವಳು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದಾರಿ ತಿಳಿದುಕೊಳ್ಳಿ

ನಮ್ಮೂರಿನ ಲೆಕ್ಕ ತಲೆಯಲ್ಲಿಟ್ಟುಕೊಂಡರೆ ಇಲ್ಲಿನದು ಗೊಂದಲ ಆಗುತ್ತದೆ. ಕರ್ನಾಟಕದಲ್ಲಿ ಹೈಕೋರ್ಟ್ ಜಡ್ಜ್‌ಗಳ ಹೆಸರನ್ನು ಕೊಲಿಜಿಯಂ, ಅಂದರೆ ಹಿರಿಯ ಜಡ್ಜ್‌ಗಳ ಗುಂಪು, ಶಿಫಾರಸು ಮಾಡುತ್ತದೆ, ರಾಷ್ಟ್ರಪತಿ ನೇಮಿಸುತ್ತಾರೆ. ಜಿಲ್ಲಾ ನ್ಯಾಯಾಧೀಶರನ್ನು ಹೈಕೋರ್ಟ್ ಜೊತೆ ಸಮಾಲೋಚಿಸಿ ರಾಜ್ಯಪಾಲರು ನೇಮಿಸುತ್ತಾರೆ. ವಿಧಾನಸೌಧದ ಶಾಸಕರು ಅದಕ್ಕೆ ವೋಟು ಹಾಕುವುದಿಲ್ಲ. ಅಮೆರಿಕದಲ್ಲಿ ಕೆಲವು ರಾಜ್ಯಗಳಲ್ಲಿ ಜಡ್ಜ್‌ಗಳು ಚುನಾವಣೆಗೇ ನಿಲ್ಲುತ್ತಾರೆ. ನ್ಯೂಜೆರ್ಸಿಯಲ್ಲಿ ಚುನಾವಣೆ ಇಲ್ಲ. ಇಲ್ಲಿ ಗವರ್ನರ್ ಹೆಸರು ಸೂಚಿಸುತ್ತಾರೆ, ರಾಜ್ಯದ ಸೆನೆಟ್ ಒಪ್ಪಬೇಕು. 1947ರ ರಾಜ್ಯ ಸಂವಿಧಾನದಲ್ಲಿ ಹೀಗೆಂದು ಬರೆದಿದ್ದಾರೆ.

ಆ ಸಂವಿಧಾನದಲ್ಲಿ ನಮ್ಮಂಥವರಿಗೆ ಬೇಕಾದ ಒಂದು ಸಾಲಿದೆ. ಹೆಸರನ್ನು ಸೆನೆಟ್‌ಗೆ ಕಳಿಸುವ ಮೊದಲು ಗವರ್ನರ್ 7 ದಿನ ಮುಂಚೆ ಸಾರ್ವಜನಿಕರಿಗೆ ತಿಳಿಸಬೇಕು. ಆ ಏಳು ದಿನ ಸುಮ್ನೆ ಇಟ್ಟದ್ದಲ್ಲ, ಜನರಿಗೆ ಗೊತ್ತಾಗಲಿ ಅಂತ ಇಟ್ಟದ್ದು. ನೀವು ಕಿವಿ ತೆರೆದುಕೊಂಡಿರಬೇಕಾದ್ದು ಅಲ್ಲಿಂದ.

ಹೆಸರು ಬರುವ ವಕೀಲರು ನ್ಯೂಜೆರ್ಸಿಯಲ್ಲಿ ವಕೀಲಿಕೆಗೆ ಸೇರಿ ಕನಿಷ್ಠ 10 ವರ್ಷ ಆಗಿರಬೇಕು. ಹೆಸರು ಹೊರಗೆ ಬರುವ ಮೊದಲೇ ರಾಜ್ಯದ ವಕೀಲರ ಸಂಘ ಅವರ ಬಗ್ಗೆ ಗುಟ್ಟಾಗಿ ವಿಚಾರಿಸಿ ಅಭಿಪ್ರಾಯ ಕೊಡುತ್ತದೆ. ಪೊಲೀಸರು ಹಿನ್ನೆಲೆ ನೋಡುತ್ತಾರೆ. ಆ ಹಂತದಲ್ಲಿ ನಮಗೆ ಕೆಲಸವಿಲ್ಲ, ಮುಂದಕ್ಕೆ ಹೋಗೋಣ.

ಸೆನೆಟ್‌ನಲ್ಲಿ 40 ಜನ ಇದ್ದಾರೆ. 21 ವೋಟು ಬಿದ್ದರೆ ಒಪ್ಪಿಗೆ ಆಯಿತು. ಆದರೆ ಅದಕ್ಕೆ ಮೊದಲು ಸೆನೆಟ್‌ನ ಜುಡಿಷಿಯರಿ ಕಮಿಟಿ ಆ ವಕೀಲರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತದೆ. ನಾವು ಮಾತಾಡುವ ಜಾಗ ಅದೇ. ರಾಜ್ಯದ ಇನ್ನೊಂದು ಸದನವಾದ ಅಸೆಂಬ್ಲಿಯ 80 ಸದಸ್ಯರಿಗೆ ಇದರಲ್ಲಿ ವೋಟಿಲ್ಲ. ನಾನು ಮೊದಲ ಸಲ ನಮ್ಮ ಅಸೆಂಬ್ಲಿ ಸದಸ್ಯರ ಆಫೀಸಿಗೆ ಉದ್ದದ ಇಮೇಲ್ ಬರೆದು ಎರಡು ವಾರ ಕಾದೆ. ಆ ಎರಡು ವಾರ ಹಾಳಾಯಿತು. ನೀವು ಹಾಗೆ ಮಾಡಬೇಡಿ. ನಿಮ್ಮ ಊರು 40 ಡಿಸ್ಟ್ರಿಕ್ಟ್‌ಗಳಲ್ಲಿ ಯಾವುದಕ್ಕೆ ಸೇರಿದೆ ನೋಡಿ, ಆ ಡಿಸ್ಟ್ರಿಕ್ಟ್‌ಗೆ ಒಬ್ಬರೇ ಸೆನೆಟರ್ ಇರುತ್ತಾರೆ, ಅವರಿಗೆ ಬರೆಯಿರಿ. ವಾಷಿಂಗ್ಟನ್‌ಗೆ ಹೋಗುವ ಇಬ್ಬರು ಸೆನೆಟರ್‌ಗಳು ಬೇರೆ. ಅವರು ಫೆಡರಲ್ ಜಡ್ಜ್‌ಗಳಿಗೆ ವೋಟು ಹಾಕುವವರು. ವಿಚ್ಛೇದನ, ಮಗು ಯಾರ ಹತ್ತಿರ ಇರಬೇಕು, ಹೊಡೆಯುವ ಗಂಡನಿಂದ ರಕ್ಷಣೆಯ ಆದೇಶ, ಇವೆಲ್ಲ ಬರುವುದು ರಾಜ್ಯದ ಸುಪೀರಿಯರ್ ಕೋರ್ಟಿನ ಮುಂದೆ.

ಇದರಿಂದ ನಮಗೇನು ಅಂತ ಕೇಳುವವರಿಗೆ

2023ರ ಫೆಬ್ರವರಿಯಲ್ಲಿ ರಾಜ್ಯದ ಚೀಫ್ ಜಸ್ಟಿಸ್ ಸ್ಟುವರ್ಟ್ ರಾಬ್ನರ್ ಆರು ಕೌಂಟಿಗಳಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಸಿವಿಲ್ ಮತ್ತು ವಿಚ್ಛೇದನದ ಟ್ರಯಲ್‌ಗಳನ್ನೇ ನಿಲ್ಲಿಸಬೇಕಾಯಿತು. ಕಾರಣ ಒಂದೇ, ಜಡ್ಜ್‌ಗಳಿಲ್ಲ. ಸಾಮರ್‌ಸೆಟ್, ಹಂಟರ್ಡನ್, ವಾರೆನ್ ಒಂದು ಕಡೆ. ದಕ್ಷಿಣದಲ್ಲಿ ಕಂಬರ್ಲೆಂಡ್, ಗ್ಲಾಸ್ಟರ್, ಸೇಲಂ. ಸಾಮರ್‌ಸೆಟ್ ಅಂದರೆ ಬ್ರಿಡ್ಜ್‌ವಾಟರ್ ಇರುವ ಕೌಂಟಿ. ಬಾಲಾಜಿ ದೇವಸ್ಥಾನಕ್ಕೆ ಶನಿವಾರ ನಾವೆಲ್ಲ ಹೋಗುತ್ತೇವಲ್ಲ, ಅದೇ.

ವಿಚ್ಛೇದನ ಮುಗಿಯದೆ ನಿಂತರೆ ಏನಾಗುತ್ತದೆ ಅಂತ ಹೊರಗಿನವರಿಗೆ ಅಂದಾಜಾಗುವುದಿಲ್ಲ. ಮನೆ ಮಾರುವಂತಿಲ್ಲ. ಮಗುವನ್ನು ಊರಿಗೆ ಅಜ್ಜಿ ಹತ್ತಿರ ಕರೆದುಕೊಂಡು ಹೋಗಬೇಕೆಂದರೆ ಜಗಳ. ಗಂಡನ ವೀಸಾ ಮೇಲೆ ಬಂದವಳಿಗೆ ಒಂದೊಂದು ತಿಂಗಳೂ ಲೆಕ್ಕ. ಖಾಲಿ ಬಿದ್ದ ಒಂದು ಜಡ್ಜ್ ಕುರ್ಚಿ ಎಂದರೆ ಇಂಥ ಹತ್ತಾರು ಮನೆಗಳು ಅರ್ಧದಲ್ಲಿ ನಿಂತ ಹಾಗೆ. ಇನ್ನೊಂದು ವಿಷಯ. ಹೊಸದಾಗಿ ಬರುವ ಜಡ್ಜ್‌ಗಳನ್ನು ಹೆಚ್ಚಾಗಿ ಮೊದಲು ಹಾಕುವುದು ಫ್ಯಾಮಿಲಿ ವಿಭಾಗಕ್ಕೇ. ಅಂದರೆ ಇವತ್ತು ಟ್ರೆಂಟನ್‌ನಲ್ಲಿ ಕಮಿಟಿ ಮುಂದೆ ಕೂತವರು ಇನ್ನು ಕೆಲವೇ ತಿಂಗಳಲ್ಲಿ ನಮ್ಮ ಹುಡುಗಿಯರ ಎದುರು ಕೂತಿರುತ್ತಾರೆ.

ಹೆಸರು ಬಂತು, ಈಗೇನು?

ನನ್ನ ವಿಷಯದಲ್ಲಿ ಆದದ್ದು ಹೀಗೆ. ನಮ್ಮ ಹೆಣ್ಣುಮಕ್ಕಳ ಕೇಸುಗಳನ್ನು ಎಷ್ಟೋ ಸಲ ದುಡ್ಡಿಲ್ಲದೆ ನಡೆಸಿಕೊಟ್ಟ ಒಬ್ಬ ವಕೀಲೆ ಇದ್ದರು. ನಮ್ಮವರಲ್ಲ, ಇಲ್ಲಿಯೇ ಹುಟ್ಟಿ ಬೆಳೆದ ಬಿಳಿಯ ಹೆಂಗಸು. ನಮ್ಮವರೆಲ್ಲ ಅವರನ್ನು ಲಾಯರಮ್ಮ ಅಂತಲೇ ಕರೆಯುತ್ತಿದ್ದರು, ಅವರೂ ಆ ಹೆಸರಿಗೆ ತಿರುಗಿ ನೋಡುತ್ತಿದ್ದರು. ಒಂದು ದಿನ ಗವರ್ನರ್ ಆಫೀಸಿನ ಪ್ರಕಟಣೆಯಲ್ಲಿ ಸುಪೀರಿಯರ್ ಕೋರ್ಟಿಗೆ ಅವರ ಹೆಸರು ಬಂತು.

ನಾನು ಮೊದಲು ಮಾಡಿದ ಕೆಲಸ, ಅವರಿಗೇ ಒಂದು ಸಾಲು ಬರೆದು ಕೇಳಿದ್ದು: ನಾನು ಬಂದು ಮಾತಾಡಿದರೆ ನಿಮಗೆ ತೊಂದರೆಯೇ? ಇದನ್ನು ಕೇಳಲೇಬೇಕು. ಕೆಲವರಿಗೆ ಹೊರಗಿನವರು ಬಂದು ಮಾತಾಡುವುದು ಇಷ್ಟವಿರುವುದಿಲ್ಲ. ಕೇಳಿ, ಆದರೆ ಅಷ್ಟಕ್ಕೇ ನಿಲ್ಲಿಸಿ. ನೀವು ಜಡ್ಜ್ ಆದರೆ ಇಂಥ ಕೇಸಲ್ಲಿ ಏನು ಮಾಡ್ತೀರಿ ಅಂತ ಕೇಳಬಾರದು. ಯಾವ ಕೇಸಿನಲ್ಲಿ ಹೇಗೆ ತೀರ್ಪು ಕೊಡುತ್ತೇನೆ ಅಂತ ಅವರು ಮಾತು ಕೊಡುವಂತಿಲ್ಲ. ನಿಮ್ಮದೇ ಕೇಸು ಕೋರ್ಟಿನಲ್ಲಿ ನಡೆಯುತ್ತಿದ್ದರೆ ನಿಮ್ಮ ವಕೀಲರನ್ನು ಕೇಳದೆ ಈ ಕಡೆ ಹೆಜ್ಜೆ ಇಡಬೇಡಿ.

ಎರಡನೆಯದು, ಸೆನೆಟರ್‌ಗೆ ಪತ್ರ. ಇದು ಕಮಿಟಿ ದಿನಕ್ಕಿಂತ ಮುಖ್ಯ ಅಂತ ನನಗೆ ಅನಿಸಿದೆ. ಯಾಕೆ ಅಂತ ಹೇಳುತ್ತೇನೆ.

ನ್ಯೂಜೆರ್ಸಿಯಲ್ಲಿ ಯಾವ ಪುಸ್ತಕದಲ್ಲೂ ಬರೆಯದ ಒಂದು ರೂಢಿ ಇದೆ. ಸೆನಟೋರಿಯಲ್ ಕರ್ಟೆಸಿ ಅನ್ನುತ್ತಾರೆ. ಹೆಸರು ಬಂದ ವಕೀಲರು ಯಾವ ಕೌಂಟಿಯವರೋ ಆ ಕೌಂಟಿಯ ಸೆನೆಟರ್‌ಗಳು ಒಪ್ಪಿ ಸಹಿ ಹಾಕಬೇಕು. ಒಬ್ಬರು ಸಹಿ ಹಾಕದಿದ್ದರೂ ಕಮಿಟಿ ಆ ಹೆಸರನ್ನು ಎತ್ತಿಕೊಳ್ಳುವುದಿಲ್ಲ. ಕಾರಣ ಹೇಳಬೇಕಾಗಿಲ್ಲ. ಕೆಲವೊಮ್ಮೆ ಆ ವಕೀಲರ ಮೇಲೆ ಅವರಿಗೆ ಏನೂ ದೂರಿರುವುದಿಲ್ಲ, ಗವರ್ನರ್ ಜೊತೆ ಬೇರೇನೋ ಚೌಕಾಸಿ ನಡೆಯುತ್ತಿರುತ್ತದೆ. 2021ರ ಮಾರ್ಚ್‌ನಲ್ಲಿ ಗವರ್ನರ್ ಫಿಲ್ ಮರ್ಫಿ ರಾಜ್ಯದ ಸುಪ್ರೀಂ ಕೋರ್ಟಿಗೆ ರೇಚಲ್ ವೈನರ್ ಆಪ್ಟರ್ ಹೆಸರು ಸೂಚಿಸಿದರು. ಅವರ ಬರ್ಗನ್ ಕೌಂಟಿಯ ಒಬ್ಬ ಸೆನೆಟರ್ ಸಹಿ ಹಾಕಲಿಲ್ಲ. ಸೆನೆಟ್ ಒಪ್ಪಿಗೆ ಸಿಕ್ಕಿದ್ದು 2022ರ ಅಕ್ಟೋಬರ್‌ನಲ್ಲಿ. ಒಂದೂವರೆ ವರ್ಷ! ಇದೇ ರಾಬ್ನರ್ ಅವರನ್ನು 2007ರಲ್ಲಿ ಚೀಫ್ ಜಸ್ಟಿಸ್ ಸ್ಥಾನಕ್ಕೆ ಹೆಸರಿಸಿದಾಗಲೂ ಎಸೆಕ್ಸ್ ಕೌಂಟಿಯ ಸೆನೆಟರ್ ಒಬ್ಬರು ಸ್ವಲ್ಪ ದಿನ ತಡೆದಿದ್ದರು.

ಈ ರೂಢಿ ನನಗೆ ಸರಿ ಕಾಣುವುದಿಲ್ಲ. ಬೇಡ ಅನ್ನುವವರು ಎಲ್ಲರ ಎದುರು ಬೇಡ ಅನ್ನಲಿ, ಕಾರಣ ಹೇಳಲಿ. ಆದರೆ ಇರುವುದು ಇರುವ ಹಾಗೇ ತಾನೆ, ಅದನ್ನು ತಿಳಿದುಕೊಂಡೇ ಕೆಲಸ ಮಾಡಬೇಕು. ಆದ್ದರಿಂದ ಹೆಸರು ಬಂದ ವಾರವೇ ಆ ವಕೀಲರ ಕೌಂಟಿಯ ಎಲ್ಲ ಸೆನೆಟರ್‌ಗಳ ಆಫೀಸಿಗೂ ಬರೆಯಿರಿ. ದೊಡ್ಡ ಕೌಂಟಿಯಾದರೆ ಹಲವರು ಇರುತ್ತಾರೆ. ಅವರಲ್ಲಿ ನಿಮ್ಮದೇ ಸೆನೆಟರ್ ಇದ್ದರೆ ನಿಮ್ಮ ಊರು, ರಸ್ತೆ ಹೆಸರು ಪತ್ರದ ಮೊದಲ ಸಾಲಿನಲ್ಲೇ ಇರಲಿ. ಅವರ ಆಫೀಸಿನವರು ಮೊದಲು ನೋಡುವುದು ಅದನ್ನೇ.

ಪತ್ರ ಚಿಕ್ಕದಿರಲಿ. ನಾನು ಬರೆದದ್ದು ಒಂಬತ್ತು ಸಾಲು. ನಾನು ಯಾರು, ಆ ವಕೀಲರನ್ನು ಎಷ್ಟು ವರ್ಷದಿಂದ ಬಲ್ಲೆ, ನಾನು ಕಣ್ಣಾರೆ ಕಂಡ ಒಂದು ಸಂಗತಿ, ಮತ್ತು ದಯವಿಟ್ಟು ಈ ಹೆಸರನ್ನು ಕಮಿಟಿಗೆ ಬರಲು ಬಿಡಿ ಅನ್ನುವ ಕೋರಿಕೆ. ಹತ್ತು ಜನ ಒಂದೇ ಪತ್ರವನ್ನು ಕಾಪಿ ಮಾಡಿ ಕಳಿಸಿದರೆ ಒಂದೇ ಪತ್ರ ಅಂತ ಲೆಕ್ಕ. ನಮ್ಮ ಕಡೆಯಿಂದ ನಾಲ್ಕು ಜನ ಬರೆದೆವು, ನಾಲ್ಕೂ ಬೇರೆ ಬೇರೆ. ಒಬ್ಬರು ಚನ್ನರಾಯಪಟ್ಟಣದ ಅಜ್ಜಿ, ಮಗಳ ಕೇಸಿಗೆಂದು ಬಂದಿದ್ದವರು. ಕನ್ನಡದಲ್ಲೇ ಹೇಳಿದರು, ನಾನು ಇಂಗ್ಲಿಷಿಗೆ ಬರೆದುಕೊಂಡೆ, ಕೆಳಗೆ ಅವರು ಕನ್ನಡದಲ್ಲಿ ಸಹಿ ಹಾಕಿದರು.

ದಿನ ಗೊತ್ತುಮಾಡಿಕೊಳ್ಳುವುದು

ನ್ಯೂಜೆರ್ಸಿ ಲೆಜಿಸ್ಲೇಚರ್‌ನ ವೆಬ್‌ಸೈಟಿನಲ್ಲಿ ಕ್ಯಾಲೆಂಡರ್ ಇದೆ. ಸೆನೆಟ್ ಜುಡಿಷಿಯರಿ ಕಮಿಟಿ ಯಾವತ್ತು ಸೇರುತ್ತದೆ, ಅಜೆಂಡಾದಲ್ಲಿ ಯಾರ ಹೆಸರಿದೆ ಎಂದು ಅಲ್ಲಿ ಹಾಕುತ್ತಾರೆ. ಅದರಲ್ಲೇ ಕಮಿಟಿಯ ಕೆಲಸ ನೋಡುವ ಸಿಬ್ಬಂದಿಯ ಹೆಸರು, ಫೋನ್ ನಂಬರ್ ಇರುತ್ತದೆ. ಆ ನಂಬರಿಗೆ ಫೋನ್ ಮಾಡಲು ಹಿಂಜರಿಯಬೇಡಿ. ನಾನು ಮಾಡಿದಾಗ ಬಹಳ ಸೌಜನ್ಯದಿಂದ ಮಾತಾಡಿದರು. ಮಾತಾಡಲು ಹೆಸರು ಕೊಡುವುದು ಹೇಗೆ, ಬರೆದ ಹೇಳಿಕೆ ಎಲ್ಲಿಗೆ ಕಳಿಸಬೇಕು, ಎರಡೂ ಅವರೇ ಹೇಳಿದರು. ಬರೆದ ಹೇಳಿಕೆಯನ್ನು ಮುಂಚೆಯೇ ಕಳಿಸಿಬಿಡಿ. ಆ ದಿನ ಗಂಟಲು ಕಟ್ಟಿದರೂ ಅದು ದಾಖಲೆಯಲ್ಲಿ ಉಳಿಯುತ್ತದೆ.

ಅಜೆಂಡಾದಲ್ಲಿ ಎಲ್ಲ ಹೆಸರೂ ಒಂದೇ ಅಲ್ಲ. ಯಾವುದೋ ಬೋರ್ಡಿಗೆ ಸದಸ್ಯರಾಗುವವರ ಹೆಸರುಗಳೂ ಇರುತ್ತವೆ, ಅವರಲ್ಲಿ ಎಷ್ಟೋ ಜನ ಬರಬೇಕಾಗಿಯೇ ಇಲ್ಲ. ಕಮಿಟಿ ಎದುರಿಗೆ ಕೂರಿಸಿ ಪ್ರಶ್ನೆ ಕೇಳುವವರ ಪಟ್ಟಿಯಲ್ಲಿ ನಿಮ್ಮವರ ಹೆಸರಿದೆಯಾ ನೋಡಿಕೊಳ್ಳಿ.

ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲ ಸಲ ರಜೆ ಹಾಕಿ, ಅಜ್ಜಿಯನ್ನೂ ಹೊರಡಿಸಿಕೊಂಡು ಟ್ರೆಂಟನ್‌ವರೆಗೆ ಹೋದೆ. ಹಿಂದಿನ ರಾತ್ರಿಯೇ ಲಾಯರಮ್ಮನ ಹೆಸರು ಪಟ್ಟಿಯಿಂದ ತೆಗೆದಿದ್ದರು. ಒಬ್ಬರ ಸಹಿ ಬಂದಿರಲಿಲ್ಲವಂತೆ. ಅಜ್ಜಿ ಒಂದು ಮಾತೂ ಆಡಲಿಲ್ಲ. ವಾಪಸು ರೈಲಿನಲ್ಲಿ ಚಿತ್ರಾನ್ನದ ಡಬ್ಬಿ ತೆಗೆದು, "ತಿನ್ನು, ಇನ್ನೊಂದು ದಿನ ಬಂದ್ರಾಯ್ತು" ಅಂದರು.

ಕಾಲ ನೋಡಿಕೊಂಡರೂ ಒಳ್ಳೆಯದು. ಜೂನ್ ಕೊನೆಯೊಳಗೆ ಬಜೆಟ್ ಮುಗಿಯಬೇಕಾದ್ದರಿಂದ ಆ ತಿಂಗಳು ಟ್ರೆಂಟನ್‌ನಲ್ಲಿ ಜಾತ್ರೆ. ಬಹಳ ಹೆಸರುಗಳು ಆಗ ಒಟ್ಟಿಗೆ ಬರುತ್ತವೆ. ಎರಡು ವರ್ಷದ ಅಧಿವೇಶನ ಮುಗಿಯುವ ಜನವರಿಯೂ ಹಾಗೇ. ಅಷ್ಟರೊಳಗೆ ಒಪ್ಪಿಗೆ ಆಗದಿದ್ದರೆ ಆ ಹೆಸರು ಅಲ್ಲಿಗೆ ಬಿದ್ದುಹೋಗುತ್ತದೆ, ಗವರ್ನರ್ ಮತ್ತೆ ಮೊದಲಿಂದ ಕಳಿಸಬೇಕು.

ಆ ದಿನ

ಎಡಿಸನ್, ಮೆಟ್ರೋಪಾರ್ಕ್ ಕಡೆಯವರಿಗೆ ಎನ್‌ಜೆ ಟ್ರಾನ್ಸಿಟ್ ರೈಲು ಸುಲಭ. ನಾರ್ತ್‌ಈಸ್ಟ್ ಕಾರಿಡಾರ್ ಲೈನಿನ ಕೊನೆ ಸ್ಟೇಷನ್ ಟ್ರೆಂಟನ್. ಅಲ್ಲಿಂದ ಸೆನೆಟ್ ಸೇರುವ ಸ್ಟೇಟ್ ಹೌಸ್ ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ. ವಯಸ್ಸಾದವರು ಜೊತೆಗಿದ್ದರೆ ಟ್ಯಾಕ್ಸಿ ಮಾಡಿಕೊಳ್ಳಿ. ಚಿನ್ನದ ಗುಮ್ಮಟ ಕಂಡರೆ ಬಂದಿರಿ ಅಂತ ಲೆಕ್ಕ. ಜುಡಿಷಿಯರಿ ಕಮಿಟಿ ಸಾಮಾನ್ಯವಾಗಿ ಸೇರುವುದು ಪಕ್ಕದ ಅನೆಕ್ಸ್ ಕಟ್ಟಡದ ಕಮಿಟಿ ರೂಮ್ 4ರಲ್ಲಿ. ಅಜೆಂಡಾದಲ್ಲಿ ರೂಮ್ ನಂಬರ್ ಇರುತ್ತದೆ, ಅದನ್ನೇ ನಂಬಿ. ಬಾಗಿಲಲ್ಲಿ ತಪಾಸಣೆ ಇರುತ್ತದೆ, ಗುರುತಿನ ಚೀಟಿ ಇಟ್ಟುಕೊಳ್ಳಿ.

ಸಿಟಿಜನ್ ಅಲ್ಲ, ಗ್ರೀನ್ ಕಾರ್ಡೂ ಇಲ್ಲ, ನಾನು ಹೋಗಬಹುದಾ ಅಂತ ಬಹಳ ಜನ ಕೇಳುತ್ತಾರೆ. ಹೋಗಬಹುದು. ಅದು ಸಾರ್ವಜನಿಕ ಸಭೆ. ಮಾತಾಡಲು ವೋಟರ್ ಆಗಿರಬೇಕು ಅಂತೇನೂ ಇಲ್ಲ. ಅಜ್ಜಿ ವಿಸಿಟರ್ ವೀಸಾದಲ್ಲಿ ಬಂದವರು, ಎರಡನೇ ಸಲ ಮುಂದಿನ ಸಾಲಿನಲ್ಲೇ ಕೂತಿದ್ದರು.

ಮಾತಾಡುವವರು ಒಂದು ಸ್ಲಿಪ್ ತುಂಬಿ ಕೊಡಬೇಕು. ಹೆಸರು, ಊರು, ಯಾರ ವಿಷಯ, ಪರವೋ ವಿರೋಧವೋ. ಮಾತಾಡುವ ಧೈರ್ಯ ಇಲ್ಲದಿದ್ದರೆ ಪರ ಅಥವಾ ವಿರೋಧ ಅಂತಷ್ಟೇ ಗುರುತು ಹಾಕಿ ಕೊಟ್ಟರೂ ಸಾಕು.

ಒಳಗೆ ಸೆನೆಟರ್‌ಗಳು ಕುದುರೆ ಲಾಳದ ಆಕಾರದ ಮೇಜಿನ ಸುತ್ತ ಕೂತಿದ್ದರು. ಎದುರಿಗೆ ಒಂದು ಚಿಕ್ಕ ಮೇಜು, ಮೈಕು. ಆ ದಿನ ಲಾಯರಮ್ಮನ ಜೊತೆ ಇನ್ನೂ ಕೆಲವರ ಹೆಸರಿತ್ತು. ಒಬ್ಬೊಬ್ಬರ ಹಿಂದೆಯೂ ಅವರ ಮನೆಯವರು, ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು, ಥೇಟ್ ನಮ್ಮ ನಾಮಕರಣದ ಹಾಗೆ. ಸುಪೀರಿಯರ್ ಕೋರ್ಟಿನ ಹೆಸರುಗಳು ಬೇಗ ಬೇಗ ಸಾಗುತ್ತವೆ. ಸಹಿ ಎಲ್ಲ ಆಗಿ ಇಲ್ಲಿಗೆ ಬಂದ ಮೇಲೆ ಹೆಚ್ಚಿನವರಿಗೆ ಪ್ರಶ್ನೆಗಳೂ ಮೃದುವಾಗಿರುತ್ತವೆ. ಅದಕ್ಕೇ ನಿಮಗೆ ಸಿಗುವ ಸಮಯ ಕಡಿಮೆ. ಮೂರು ನಿಮಿಷಕ್ಕಿಂತ ಹೆಚ್ಚು ಬರೆದುಕೊಂಡು ಹೋಗಬೇಡಿ. ಅಡುಗೆಮನೆಯಲ್ಲಿ ಫೋನಿನ ಟೈಮರ್ ಇಟ್ಟು ಜೋರಾಗಿ ಓದಿ ನೋಡಿ. ನನ್ನದು ಮೊದಲು ಏಳು ನಿಮಿಷ ಬಂತು.

ಏಳನ್ನು ಮೂರಕ್ಕೆ ಇಳಿಸಿದ್ದು ಹೇಗೆಂದರೆ, ಹೊಗಳಿಕೆಯನ್ನೆಲ್ಲ ತೆಗೆದುಹಾಕಿದೆ. ಪ್ರಾಮಾಣಿಕರು, ಕರುಣೆಯುಳ್ಳವರು, ಶ್ರಮಜೀವಿ, ಇಂಥ ಮಾತುಗಳನ್ನು ಅವರು ದಿನಾ ಕೇಳುತ್ತಾರೆ. ಒಂದೇ ಒಂದು ದಿನದ ಸಂಗತಿ ಇಟ್ಟುಕೊಂಡೆ.

ಅದು ಆ ತುಮಕೂರಿನ ಹುಡುಗಿಯ ಕೇಸು. ರಕ್ಷಣೆಯ ಆದೇಶ ಬೇಕಾಗಿತ್ತು. ಇಲ್ಲಿ ಮೊದಲು ತಾತ್ಕಾಲಿಕ ಆದೇಶ ಕೊಡುತ್ತಾರೆ, ಸಾಮಾನ್ಯವಾಗಿ 10 ದಿನದೊಳಗೆ ಅಂತಿಮ ವಿಚಾರಣೆ. ಆ ದಿನ ಅವಳಿಗೆ ಇಂಟರ್‌ಪ್ರಿಟರ್ ಅಂತ ಬಂದವರು ಹಿಂದಿಯವರು. ಹುಡುಗಿಗೆ ಹಿಂದಿ ಅಂದರೆ ಟೀವಿಯಲ್ಲಿ ಕೇಳಿದ್ದಷ್ಟೇ. ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ಗಂಡ ಹೊಡೆದದ್ದು ಒಂದು ಸಲವೋ ಹಲವು ಸಲವೋ ಅಂತ ಕೇಳಿದ್ದಕ್ಕೂ ತಲೆಯಾಡಿಸಿದಳು. ಒಂದು ಸಲ ಅಂತ ದಾಖಲಾಗುವುದರಲ್ಲಿತ್ತು. ಆಗ ಲಾಯರಮ್ಮ ಎದ್ದು ನಿಂತರು. ನನ್ನ ಕಕ್ಷಿದಾರಳ ಭಾಷೆ ಕನ್ನಡ, ಇದು ಅವಳ ಭಾಷೆಯಲ್ಲ, ಅವಳಿಗೆ ಪ್ರಶ್ನೆಯೇ ಅರ್ಥವಾಗಿಲ್ಲ, ಕನ್ನಡದ ಇಂಟರ್‌ಪ್ರಿಟರ್ ಬರುವವರೆಗೆ ಮುಂದುವರಿಸಬಾರದು ಅಂದರು. ಎಲ್ಲರಿಗೂ ಬೇಗ ಮುಗಿದರೆ ಸಾಕಾಗಿತ್ತು. ಅವರು ಕೂರಲಿಲ್ಲ. ತಾತ್ಕಾಲಿಕ ಆದೇಶವನ್ನು ಹಾಗೇ ಮುಂದುವರಿಸಿ, ಬೇರೆ ದಿನ ಕೊಟ್ಟರು. ಆ ದಿನ ಕನ್ನಡದವರು ಫೋನಿನಲ್ಲಿ ಬಂದರು. ಹುಡುಗಿ ನಲವತ್ತು ನಿಮಿಷ ಮಾತಾಡಿದಳು.

ಇಷ್ಟನ್ನೇ ನಾನು ಕಮಿಟಿಗೆ ಹೇಳಿದೆ. ಅವಳ ಹೆಸರು, ಕೌಂಟಿ, ವರ್ಷ ಯಾವುದನ್ನೂ ಹೇಳಲಿಲ್ಲ. ನೀವೂ ಹೇಳಬೇಡಿ. ಅವಳ ಒಪ್ಪಿಗೆ ಕೇಳಿಯೇ ಹೋಗಿದ್ದೆ. ಸಭೆ ನೇರ ಪ್ರಸಾರ ಆಗುತ್ತದೆ, ರೆಕಾರ್ಡಿಂಗ್ ಆಮೇಲೂ ಸಿಗುತ್ತದೆ. ಕೇಳಿದವರು ಯಾರು ಅಂತ ಊಹಿಸುವ ಹಾಗಿದ್ದರೆ ಆ ಸಂಗತಿಯನ್ನೇ ಬಿಟ್ಟುಬಿಡಿ.

ಮೈಕಿನ ಗುಂಡಿ ಒತ್ತಿದಾಗ ಕೆಂಪು ದೀಪ ಬಂತು. ಊರಿನ ಅಭ್ಯಾಸಕ್ಕೆ ಕೆಂಪು ಅಂದರೆ ಆಫ್ ಅಂದುಕೊಂಡು ಇನ್ನೊಮ್ಮೆ ಒತ್ತಿಬಿಟ್ಟೆ. ಕೆಂಪು ಇದ್ದರೇ ಮೈಕು ಆನ್, ನೆನಪಿಡಿ. ಮೊದಲ ಎರಡು ಸಾಲು ಓದುವಾಗ ಕೈಯಲ್ಲಿದ್ದ ಹಾಳೆ ಅಲುಗುತ್ತಿತ್ತು. ಹಾಳೆಯನ್ನು ಮೇಜಿನ ಮೇಲಿಟ್ಟೆ. ಮುಗಿದ ಮೇಲೆ ಒಬ್ಬ ಸೆನೆಟರ್ ಪೆನ್ನು ಹಿಡಿದು, ಆ ಭಾಷೆಯ ಹೆಸರು ಇನ್ನೊಮ್ಮೆ ಹೇಳಿ ಅಂದರು.

"ಕನ್ನಡ," ಅಂದೆ. ಅವರು ಬರೆದುಕೊಂಡರು.

ಬೇಡ ಅನ್ನಬೇಕಾದರೆ

ಎಲ್ಲ ಹೆಸರೂ ಒಳ್ಳೆಯದೇ ಆಗಿರುತ್ತದೆ ಅಂತೇನಿಲ್ಲ. ವಿರೋಧ ಮಾಡುವ ಹಕ್ಕೂ ಇದೆ. ಕಮಿಟಿ ಬೇಡ ಅಂದದ್ದೂ ಇದೆ. 2012ರ ಮಾರ್ಚ್‌ನಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಸುಪ್ರೀಂ ಕೋರ್ಟಿಗೆ ಸೂಚಿಸಿದ ಫಿಲಿಪ್ ಕ್ವಾನ್ ಹೆಸರನ್ನು ಕಮಿಟಿ 7–6ರಲ್ಲಿ ತಳ್ಳಿಹಾಕಿತು. ಅವರ ಮನೆಯವರ ಮದ್ಯದಂಗಡಿಯ ಬ್ಯಾಂಕ್ ಜಮೆಗಳ ಬಗ್ಗೆ ಪ್ರಶ್ನೆಗಳು ಸುರಿದವು. ಅದೇ ವರ್ಷ ಬ್ರೂಸ್ ಹ್ಯಾರಿಸ್ ಹೆಸರೂ ಅಷ್ಟೇ ವೋಟಿನಲ್ಲಿ ಬಿತ್ತು.

ವಿರೋಧಿಸುವುದಾದರೆ ನೀವು ಕಂಡ ನಡತೆಯನ್ನು ಹೇಳಿ. ಕಾಗದ ಇದ್ದರೆ ಕೊಡಿ. ಆ ವ್ಯಕ್ತಿಯ ಮತ, ಹುಟ್ಟಿದ ದೇಶ, ಹೆಸರು, ಉಚ್ಚಾರಣೆ ಇವುಗಳನ್ನು ಮುಟ್ಟಬೇಡಿ. ಹೈದರಾಬಾದಿನಲ್ಲಿ ಹುಟ್ಟಿದ ಸೊಹೇಲ್ ಮೊಹಮ್ಮದ್ ಅವರನ್ನು ಕ್ರಿಸ್ಟಿ ಸುಪೀರಿಯರ್ ಕೋರ್ಟಿಗೆ ಹೆಸರಿಸಿದಾಗ ಏನಾಯಿತು ಅಂತ ನಮ್ಮವರು ತಿಳಿದಿರಬೇಕು. ಅವರು ವಲಸೆ ಕಾನೂನಿನ ವಕೀಲರು. 2001ರ ಸೆಪ್ಟೆಂಬರ್ 11ರ ನಂತರ ಹಿಡಿದಿಟ್ಟವರ ಪರ ನಿಂತಿದ್ದರು. 2011ರಲ್ಲಿ ಕಮಿಟಿ ಮುಂದೆ ಬಂದಾಗ ಅವರಿಗೆ ಷರಿಯಾ ಬಗ್ಗೆ, ಜಿಹಾದ್ ಬಗ್ಗೆ ಪ್ರಶ್ನೆ ಹಾಕಿದರು. ಬೇರೆ ಯಾವ ವಕೀಲರಿಗೂ ಅವರ ಮತದ ಬಗ್ಗೆ ಹಾಗೆ ಕೇಳುವುದಿಲ್ಲ. ಅವರು ಸಮಾಧಾನದಿಂದಲೇ ಉತ್ತರ ಕೊಟ್ಟರು, ಸೆನೆಟ್ ಒಪ್ಪಿತು, ಪಸೇಕ್ ಕೌಂಟಿಯಲ್ಲಿ ಜಡ್ಜ್ ಆದರು. ಹೆಸರು ಸೂಚಿಸಿದ ಗವರ್ನರ್ ರಿಪಬ್ಲಿಕನ್, ತಮ್ಮದೇ ಪಕ್ಷದ ಬೆಂಬಲಿಗರ ಟೀಕೆಗೆ ಸಿಟ್ಟಿನಿಂದಲೇ ಉತ್ತರ ಕೊಟ್ಟರು. ನಾಳೆ ನಮ್ಮ ಮಕ್ಕಳಲ್ಲಿ ಒಬ್ಬರು ಆ ಚಿಕ್ಕ ಮೇಜಿನ ಹಿಂದೆ ಕೂರುತ್ತಾರೆ. ಅವರಿಗೆ ಯಾವ ಪ್ರಶ್ನೆ ಬರಬಾರದು ಅನ್ನುತ್ತೀರೋ ಅದನ್ನು ಬೇರೆಯವರಿಗೂ ಹಾಕಬೇಡಿ.

ಒಪ್ಪಿಗೆ ಆದ ಮೇಲೆ

ಕಮಿಟಿ ಒಪ್ಪಿದ ಮೇಲೆ ಪೂರ್ತಿ ಸೆನೆಟ್‌ನಲ್ಲಿ ವೋಟು. ಕೆಲವೊಮ್ಮೆ ಅದೇ ದಿನ ಮಧ್ಯಾಹ್ನವೇ ಆಗಿಬಿಡುತ್ತದೆ. ಅಲ್ಲಿ ನಾವು ಮಾತಾಡುವಂತಿಲ್ಲ, ಗ್ಯಾಲರಿಯಲ್ಲಿ ಕೂತು ನೋಡಬಹುದು. ಗೋಡೆಯ ಮೇಲೆ ದೊಡ್ಡ ಬೋರ್ಡು, ಒಬ್ಬೊಬ್ಬ ಸೆನೆಟರ್ ಹೆಸರಿನ ಮುಂದೆ ದೀಪ. ಅಜ್ಜಿ ಬೆರಳು ಮಡಿಸಿ ಎಣಿಸುತ್ತಿದ್ದರು. ಇಪ್ಪತ್ತೊಂದು ದಾಟಿದ ಮೇಲೂ ಎಣಿಸುವುದನ್ನು ನಿಲ್ಲಿಸಲಿಲ್ಲ.

ಪ್ರಮಾಣವಚನದ ನಂತರ ಯಾವ ಕೌಂಟಿ, ಯಾವ ವಿಭಾಗ ಅನ್ನುವುದನ್ನು ಚೀಫ್ ಜಸ್ಟಿಸ್ ಕಡೆಯಿಂದ ಗೊತ್ತುಮಾಡುತ್ತಾರೆ. ಅಲ್ಲಿಂದ ಮುಂದೆ ಅವರು ನಿಮ್ಮ ಲಾಯರಮ್ಮ ಅಲ್ಲ, ಜಡ್ಜ್. ಫೋನ್ ಮಾಡಬಾರದು. ಹಬ್ಬಕ್ಕೆ ಸ್ವೀಟ್ ಬಾಕ್ಸ್ ಕಳಿಸಬಾರದು. ದೇವಸ್ಥಾನದಲ್ಲೋ ಅಂಗಡಿಯಲ್ಲೋ ಸಿಕ್ಕರೆ ನಮಸ್ಕಾರ ಹೇಳಿ ಮುಂದೆ ಹೋಗಬೇಕು. ನನಗೆ ಇದು ಕಷ್ಟವಾಯಿತು. ಆರು ವರ್ಷ ಒಂದೇ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರು.

ಇನ್ನೊಂದು ಕೆಲಸ ಬಾಕಿ ಇದೆ. ಇಲ್ಲಿ ಜಡ್ಜ್‌ಗಳಿಗೆ ಮೊದಲು ಸಿಗುವುದು 7 ವರ್ಷ ಮಾತ್ರ. ಅದು ಮುಗಿಯುವಾಗ ಗವರ್ನರ್ ಮತ್ತೆ ಹೆಸರಿಸಬೇಕು, ಸೆನೆಟ್ ಮತ್ತೆ ಒಪ್ಪಬೇಕು. ಆಗ ಒಪ್ಪಿದರೆ 70 ವರ್ಷ ವಯಸ್ಸಿನವರೆಗೆ ಇರಬಹುದು. ಮತ್ತೆ ಹೆಸರಿಸದೆ ಬಿಟ್ಟದ್ದೂ ಇದೆ. 2010ರಲ್ಲಿ ಸುಪ್ರೀಂ ಕೋರ್ಟಿನ ಜಸ್ಟಿಸ್ ಜಾನ್ ವಾಲೇಸ್ ಅವರ 7 ವರ್ಷ ಮುಗಿದಾಗ ಕ್ರಿಸ್ಟಿ ಅವರ ಹೆಸರನ್ನು ಮತ್ತೆ ಕಳಿಸಲಿಲ್ಲ. ಆ ಕೋರ್ಟಿನಲ್ಲಿದ್ದ ಒಬ್ಬರೇ ಕಪ್ಪು ಜನಾಂಗದ ಜಡ್ಜ್ ಅವರು, 70 ತುಂಬಲು ಎರಡು ವರ್ಷವೂ ಉಳಿದಿರಲಿಲ್ಲ. 1947ರ ಸಂವಿಧಾನ ಬಂದ ಮೇಲೆ ಆ ಕೋರ್ಟಿನಲ್ಲಿ ಹಾಗೆ ಆದದ್ದು ಅದೇ ಮೊದಲು.

ಆದ್ದರಿಂದ ನೀವು ಯಾರ ಪರ ಮಾತಾಡಿದಿರೋ ಅವರ ಪ್ರಮಾಣವಚನದ ದಿನವನ್ನು ಬರೆದಿಟ್ಟುಕೊಳ್ಳಿ. ಅದಕ್ಕೆ ಆರೂವರೆ ವರ್ಷ ಸೇರಿಸಿ. ಆ ಹೊತ್ತಿಗೆ ಮತ್ತೆ ಅದೇ ಒಂಬತ್ತು ಸಾಲಿನ ಪತ್ರ ಬರೆಯಬೇಕು. ನನ್ನ ಫೋನಿನಲ್ಲಿ ಆ ತಿಂಗಳಿಗೆ ಗುರುತು ಹಾಕಿದ್ದೇನೆ. ಕೆಳಗೆ ಬರೆದುಕೊಂಡಿದ್ದು ಇಷ್ಟೇ: ಅಜ್ಜಿಗೆ ಫೋನ್ ಮಾಡುವುದು, ಸಹಿ ಬೇಕು.